ಹೆಬ್ಬಾತಿನ ಮೇಲಿನ ಅಪವಾದ

1993ರ ಏಪ್ರಿಲ್ ತಿಂಗಳ ಮೊದಲ ವಾರ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದಲ್ಲಿ ಔಷಧದ ಅಂಗಡಿಗೆ ಬಂದವರೆಲ್ಲ ಭೇದಿ ನಿಲ್ಲಿಸುವ ಮಾತ್ರೆಯನ್ನೇ ಕೇಳುತ್ತಿದ್ದರು. ನೋಡನೋಡುತ್ತಿದ್ದಂತೆ ಆ ಮಾತ್ರೆಯ ದಾಸ್ತಾನು ಮುಗಿದುಹೋಯಿತು. ಶಾಲೆಗಳಲ್ಲಿ ಮಕ್ಕಳೂ ಇಲ್ಲ, ಪಾಠ ಹೇಳುವವರೂ ಇಲ್ಲ. ರೋಗಿಗಳನ್ನು ನೋಡಿಕೊಳ್ಳಬೇಕಾದ ಆಸ್ಪತ್ರೆಯ ಸಿಬ್ಬಂದಿಯೇ ಹೊಟ್ಟೆ ಹಿಡಿದುಕೊಂಡು ಮನೆಯಲ್ಲಿ ಮಲಗಿತ್ತು. ಏಪ್ರಿಲ್ 7ರ ಸಂಜೆ ನಗರದ ಮೇಯರ್ ಜಾನ್ ನಾರ್ಕ್ವಿಸ್ಟ್ ಅವರು ನಲ್ಲಿ ನೀರನ್ನು ಕುದಿಸದೆ ಕುಡಿಯಬೇಡಿ ಎಂದು ಜನರನ್ನು ಎಚ್ಚರಿಸಿದರು. ಆ ವೇಳೆಗೆ ಕಾಲ ಮಿಂಚಿತ್ತು. ಬಳಿಕ ದೂರವಾಣಿ ಮೂಲಕ ನಡೆಸಿದ ಸಮೀಕ್ಷೆಯ ಪ್ರಕಾರ ಕಾಯಿಲೆ ಬಿದ್ದವರ ಸಂಖ್ಯೆ ಸುಮಾರು 4,03,000. ನಗರ ಮತ್ತು ಸುತ್ತಲಿನ ಪ್ರದೇಶದ ಜನಸಂಖ್ಯೆಯಲ್ಲಿ ಇದು ನಾಲ್ಕರಲ್ಲಿ ಒಂದು ಪಾಲು.

ಆಶ್ಚರ್ಯದ ಸಂಗತಿಯೆಂದರೆ, ಆ ನಗರದ ನೀರಿಗೆ ಕ್ಲೋರಿನ್ ಹಾಕುವುದನ್ನು ಯಾರೂ ಮರೆತಿರಲಿಲ್ಲ. ಅಂದಿನ ಸರ್ಕಾರಿ ನಿಯಮಗಳ ಅಳತೆಗೋಲಿನಲ್ಲಿ ಅದು ಶುದ್ಧವಾದ ನೀರೇ ಆಗಿತ್ತು. ಆದರೂ ನಲ್ಲಿಯಲ್ಲಿ ಹರಿದು ಬಂದದ್ದು ಪ್ರಾಣಿ ಪಕ್ಷಿಗಳ ಕರುಳಿನಲ್ಲಿ ಬಾಳುವ ಒಂದು ಏಕಕೋಶ ಪರೋಪಜೀವಿ. ಅದರ ಹೆಸರು ಕ್ರಿಪ್ಟೊಸ್ಪೊರಿಡಿಯಂ. ಅಲ್ಲಿಯವರೆಗೆ ಅದರ ಹೆಸರನ್ನೇ ಕೇಳದಿದ್ದ ಊರು, ಅದನ್ನು ತಂದು ಸುರಿದವರು ಯಾರು ಎಂದು ಹುಡುಕಲು ಹೊರಟಿತು. ದನಗಳ ಮೇಲೆ ಅನುಮಾನ ಬಂತು. ಮುಂದೆ ಬೇರೆಡೆ ಇದೇ ವಿಷಯದಲ್ಲಿ ಕೆರೆಗಳಲ್ಲಿ ಈಜುವ ಹೆಬ್ಬಾತುಗಳ ಮೇಲೂ ಅನುಮಾನ ಬಂತು. ಈ ವಿಚಾರಣೆಯ ಕತೆ ತಿಳಿಯಬೇಕಾದರೆ ಮುನ್ನೂರು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕು.

ಬಟ್ಟೆ ವ್ಯಾಪಾರಿಯ ಮಸೂರ

ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಆಂಟನಿ ವಾನ್ ಲೀವೆನ್‌ಹುಕ್ (1632–1723) ಬಟ್ಟೆ ವ್ಯಾಪಾರಿ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಆದರೆ ಗಾಜನ್ನು ಉಜ್ಜಿ ಪುಟ್ಟ ಮಸೂರಗಳನ್ನು ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಆ ಮಸೂರದಡಿ ಇಟ್ಟು ನೋಡುವುದು, ಕಂಡದ್ದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರದ ಮೂಲಕ ತಿಳಿಸುವುದು ಅವನ ಹವ್ಯಾಸ. 1674ರಲ್ಲಿ ಮೊಲದ ಪಿತ್ತರಸವನ್ನು ನೋಡುತ್ತಿದ್ದಾಗ ಅದರಲ್ಲಿ ಮೊಟ್ಟೆಯಾಕಾರದ ಸಣ್ಣ ಕಣಗಳು ಅವನ ಕಣ್ಣಿಗೆ ಬಿದ್ದವು. ಅವು ಏನೆಂದು ಹೇಳಲು ಅವನಿಗಾಗಲಿ ಅವನ ಕಾಲದ ಇತರರಿಗಾಗಲಿ ಸಾಧ್ಯವಿರಲಿಲ್ಲ. ಮೊಲದ ಪಿತ್ತಕೋಶದಲ್ಲಿ ಬೆಳೆಯುವ ಐಮೇರಿಯ ಎಂಬ ಪರೋಪಜೀವಿಯ ಕೋಶಗಳನ್ನು ಅವನು ಕಂಡಿದ್ದನೆಂದು ಇಂದಿನ ವಿಜ್ಞಾನಿಗಳು ಗುರುತಿಸುತ್ತಾರೆ.

ಏಳು ವರ್ಷಗಳ ಬಳಿಕ, 1681ರಲ್ಲಿ, ಲೀವೆನ್‌ಹುಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ತನಗೇ ಹೊಟ್ಟೆ ಕೆಟ್ಟಾಗ ತನ್ನದೇ ಮಲವನ್ನು ಪರೀಕ್ಷಿಸಿದ. ಅದರಲ್ಲಿ ಚಪ್ಪಟೆ ಹೊಟ್ಟೆಯ, ಸಣ್ಣ ಕಾಲುಗಳಂತಹವನ್ನು ಆಡಿಸುತ್ತ ಚಲಿಸುವ ಜೀವಿಗಳಿದ್ದವು. ಸಂಕೋಚವಿಲ್ಲದೆ ಅದನ್ನೂ ಪತ್ರದಲ್ಲಿ ಬರೆದು ಕಳಿಸಿದ. ಅವನು ವರ್ಣಿಸಿದ್ದು ಜಿಯಾರ್ಡಿಯ ಎಂಬ ಜೀವಿಯನ್ನೇ ಎಂದು ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಕ್ಲಿಫರ್ಡ್ ಡೊಬೆಲ್ ವಿವರಿಸಿದರು. ಮನುಷ್ಯನ ಕರುಳಿನ ಏಕಕೋಶ ಪರೋಪಜೀವಿಯನ್ನು ಕಂಡ ಮೊದಲ ವ್ಯಕ್ತಿ ಹೀಗೆ ಒಬ್ಬ ಬಟ್ಟೆ ವ್ಯಾಪಾರಿ.

ಆ ಮೇಲೆ ದೀರ್ಘ ಮೌನ. ಜಿಯಾರ್ಡಿಯವನ್ನು ಮತ್ತೆ ಕಂಡು ವಿವರವಾಗಿ ವರ್ಣಿಸಿದವರು ಪ್ರಾಗ್ ನಗರದ ವೈದ್ಯ ವಿಲೆಮ್ ಲಾಂಬ್ಲ್. ಅದು 1859ರಲ್ಲಿ. ಐಮೇರಿಯಕ್ಕೆ ಆ ಹೆಸರು ಬಂದದ್ದು 1875ರಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಇಲಿ, ಮೊಲ, ಕೋಳಿ, ದನ ಹೀಗೆ ಹುಡುಕಿದ ಪ್ರಾಣಿಗಳಲ್ಲೆಲ್ಲ ಇಂತಹ ಜೀವಿಗಳು ಕಾಣತೊಡಗಿದವು. ಫ್ರಾನ್ಸಿನ ಪಶುವೈದ್ಯರಾದ ರಾಯೆ ಮತ್ತು ಲ್ಯೂಸೆ ಅವರು ಹೆಬ್ಬಾತಿನ ಮೂತ್ರಪಿಂಡದಲ್ಲಿ ಬೆಳೆಯುವ ಐಮೇರಿಯವೊಂದನ್ನು 1891ರಲ್ಲಿ ವರ್ಣಿಸಿದರು. ನೀರುಹಕ್ಕಿಗಳು ಈ ಕತೆಯೊಳಗೆ ಬಂದದ್ದು ಹೀಗೆ.

ಅಡಗಿ ಕುಳಿತ ಜೀವಿ

ಈ ಜೀವಿಗಳ ಬಾಳಿನ ರೀತಿ ವಿಚಿತ್ರವಾದದ್ದು. ಪ್ರಾಣಿಯ ದೇಹದಿಂದ ಹೊರಬೀಳುವಾಗ ಇವು ಗಟ್ಟಿಯಾದ ಗೋಡೆಯೊಳಗೆ ಮುದುಡಿ ಕುಳಿತಿರುತ್ತವೆ. ಬಿತ್ತನೆಯ ಕಾಳಿನಂತೆ ಮಣ್ಣಿನಲ್ಲಿ, ನೀರಿನಲ್ಲಿ ತಿಂಗಳುಗಟ್ಟಲೆ ಕಾಯಬಲ್ಲವು. ಇನ್ನೊಂದು ಪ್ರಾಣಿ ಮೇವಿನೊಡನೆಯೋ ನೀರಿನೊಡನೆಯೋ ಅದನ್ನು ನುಂಗಿದಾಗ, ಹೊಟ್ಟೆಯ ಬಿಸಿಯಲ್ಲಿ ಮತ್ತು ಜೀರ್ಣರಸದಲ್ಲಿ ಆ ಗೋಡೆ ಬಿರಿಯುತ್ತದೆ. ಒಳಗಿನಿಂದ ಹೊರಬಂದ ಜೀವಿಗಳು ಕರುಳಿನ ಒಳಪದರದ ಜೀವಕೋಶಗಳನ್ನು ಹೊಕ್ಕು, ಒಂದು ಹತ್ತಾಗಿ, ಹತ್ತು ನೂರಾಗಿ ಹೆಚ್ಚುತ್ತವೆ. ಪದರ ಹಾಳಾದ ಕರುಳು ನೀರನ್ನು ಹೀರಿಕೊಳ್ಳಲಾರದೆ ಭೇದಿಯಾಗುತ್ತದೆ. ನಮ್ಮ ಕೋಳಿ ಸಾಕಣೆದಾರರಿಗೆ ರಕ್ತಭೇದಿ ಎಂಬ ಹೆಸರಿನಲ್ಲಿ ಚಿರಪರಿಚಿತವಾದ ರೋಗ ಐಮೇರಿಯದ್ದೇ ಕೊಡುಗೆ.

ಈ ಕ್ಷೇತ್ರದ ದೊಡ್ಡ ಹೆಸರು ಅರ್ನೆಸ್ಟ್ ಎಡ್ವರ್ಡ್ ಟೈಜರ್ (1875–1965). ಹಾರ್ವರ್ಡ್ ವೈದ್ಯ ಶಾಲೆಯಲ್ಲಿದ್ದ ಅವರು 1907ರಲ್ಲಿ ಪ್ರಯೋಗಾಲಯದ ಇಲಿಗಳ ಜಠರದ ಗ್ರಂಥಿಗಳಲ್ಲಿ ಒಂದು ಸೂಕ್ಷ್ಮ ಜೀವಿಯನ್ನು ಕಂಡರು. ಅದು ಐಮೇರಿಯಕ್ಕಿಂತ ಬಹಳ ಚಿಕ್ಕದು. 1910ರಲ್ಲಿ ಅದಕ್ಕೆ ಕ್ರಿಪ್ಟೊಸ್ಪೊರಿಡಿಯಂ ಎಂದು ಹೆಸರಿಟ್ಟರು. ಅಡಗಿರುವ ಬೀಜಕ ಎಂದು ಆ ಗ್ರೀಕ್ ಮೂಲದ ಹೆಸರಿನ ಅರ್ಥ. 1912ರಲ್ಲಿ ಇಲಿಯ ಸಣ್ಣ ಕರುಳಿನಲ್ಲಿ ಅದರದೇ ಇನ್ನೊಂದು ಜಾತಿಯನ್ನು ಕಂಡು ಪಾರ್ವಮ್, ಅಂದರೆ ಚಿಕ್ಕದು, ಎಂದು ಕರೆದರು. 1929ರ ಹೊತ್ತಿಗೆ ಕೋಳಿಯ ಕರುಳಿನಲ್ಲೂ ಅಂತಹುದನ್ನೇ ನೋಡಿದರು. ಕೋಳಿಗಳ ರಕ್ತಭೇದಿಗೆ ಕಾರಣವಾಗುವ ಐಮೇರಿಯದ ಜಾತಿಗಳನ್ನು ಬೇರೆ ಬೇರೆಯಾಗಿ ಗುರುತಿಸಿದ ಕೀರ್ತಿಯೂ ಅವರದೇ. 1936ರಲ್ಲಿ ಬಾತುಕೋಳಿಯ ಸಣ್ಣ ಕರುಳಿನಲ್ಲಿ ಹೊಸ ಬಗೆಯ ಪರೋಪಜೀವಿ ಕಂಡುಬಂದಾಗ ಅದಕ್ಕೆ ಅವರ ಗೌರವಾರ್ಥ ಟೈಜೇರಿಯ ಎಂದೇ ಹೆಸರಿಡಲಾಯಿತು. ಬಾತಿನ ಮರಿಗಳನ್ನು ಕೊಲ್ಲುವ ಜೀವಿಯೊಂದು ವಿಜ್ಞಾನಿಯೊಬ್ಬರ ಹೆಸರನ್ನು ಹೊತ್ತು ತಿರುಗುವಂತಾಯಿತು.

ಐಮೇರಿಯ ಕೋಳಿ ಉದ್ಯಮದ ಶತ್ರು. ಆದ್ದರಿಂದ ಅದರ ಮೇಲೆ ಹಣವೂ ಸಂಶೋಧನೆಯೂ ಹರಿದುಬಂತು. 1939ರಲ್ಲಿ ಸಲ್ಫ ಔಷಧಿಗಳ ಪ್ರಯೋಗ ನಡೆಯಿತು. 1948ರಿಂದ ಸಲ್ಫಾಕ್ವಿನಾಕ್ಸಲಿನ್ ಕೋಳಿಯ ಆಹಾರದಲ್ಲೇ ಬೆರೆಯತೊಡಗಿತು. ಸಾವಿರಾರು ಕೋಳಿಗಳನ್ನು ಒಂದೇ ಸೂರಿನಡಿ ಸಾಕುವುದು ಸಾಧ್ಯವಾದದ್ದರಲ್ಲಿ ಈ ಔಷಧಿಗಳ ಪಾತ್ರ ದೊಡ್ಡದು. ಕ್ರಿಪ್ಟೊಸ್ಪೊರಿಡಿಯಂ ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ. ಅದರಿಂದ ಯಾರಿಗೂ ನಷ್ಟವಾದಂತೆ ಕಾಣಲಿಲ್ಲ. ಸುಮಾರು ಅರ್ಧ ಶತಮಾನ ಅದು ತನ್ನ ಹೆಸರಿಗೆ ತಕ್ಕಂತೆ ಅಡಗಿಯೇ ಇತ್ತು.

ಪಶುವೈದ್ಯರಿಂದ ಮನುಷ್ಯರ ವೈದ್ಯರಿಗೆ

1955ರಲ್ಲಿ ಟರ್ಕಿ ಕೋಳಿಮರಿಗಳು ಭೇದಿಯಿಂದ ಸತ್ತಾಗ ಸ್ಲಾವಿನ್ ಎಂಬ ಸಂಶೋಧಕರಿಗೆ ಅವುಗಳ ಕರುಳಿನಲ್ಲಿ ಕ್ರಿಪ್ಟೊಸ್ಪೊರಿಡಿಯಂ ಸಿಕ್ಕಿತು. ಇದು ರೋಗ ತರಬಲ್ಲದು ಎಂಬ ಮೊದಲ ಸೂಚನೆ ಅದು. 1971ರಲ್ಲಿ ಭೇದಿಯಿಂದ ಬಳಲುತ್ತಿದ್ದ ಕರುವಿನಲ್ಲಿ, 1974ರಲ್ಲಿ ಅಮೆರಿಕದ ಅಯೋವಾದಲ್ಲಿ ಸಾಕಿದ ಹೆಬ್ಬಾತೊಂದರಲ್ಲಿ ಅದು ಕಂಡುಬಂತು. ಆಗಲೂ ಇದು ಪಶುವೈದ್ಯರ ತಲೆನೋವೆಂದೇ ಎಲ್ಲರೂ ಭಾವಿಸಿದ್ದರು. 1976ರಲ್ಲಿ ಆ ನಂಬಿಕೆ ಅಲುಗಿತು. ಟೆನೆಸಿ ರಾಜ್ಯದಲ್ಲಿ ದನಕರುಗಳಿದ್ದ ಮನೆಯ ಮೂರು ವರ್ಷದ ಮಗುವೊಂದರ ಕರುಳಿನಲ್ಲಿ ಅದೇ ಜೀವಿ ಪತ್ತೆಯಾಯಿತು. ಅದೇ ವರ್ಷ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧ ತೆಗೆದುಕೊಳ್ಳುತ್ತಿದ್ದ ವಯಸ್ಕರೊಬ್ಬರಲ್ಲೂ ಕಾಣಿಸಿತು. ಮಗು ತಾನಾಗಿಯೇ ಗುಣವಾಯಿತು.

1982ರಲ್ಲಿ ಪರಿಸ್ಥಿತಿ ಪೂರ್ತಿ ಬದಲಾಯಿತು. ಆಗಷ್ಟೇ ಗುರುತಿಸಲ್ಪಟ್ಟಿದ್ದ ಏಡ್ಸ್ ರೋಗಿಗಳಲ್ಲಿ ನಿಲ್ಲದ ಭೇದಿ ಕಾಣತೊಡಗಿತು. ಅಮೆರಿಕದ ಆರು ನಗರಗಳ 21 ಮಂದಿಯಲ್ಲಿ ಕ್ರಿಪ್ಟೊಸ್ಪೊರಿಡಿಯಂ ಇದೆಯೆಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಆ ವರ್ಷದ ನವೆಂಬರಿನಲ್ಲಿ ವರದಿ ಮಾಡಿತು. ಆರೋಗ್ಯವಂತರಲ್ಲಿ ಒಂದೆರಡು ವಾರದಲ್ಲಿ ಅಡಗುವ ಭೇದಿ ಇವರಲ್ಲಿ ತಿಂಗಳುಗಟ್ಟಲೆ ಮುಂದುವರಿದು ಪ್ರಾಣವನ್ನೇ ತೆಗೆಯುತ್ತಿತ್ತು.

ಇಲ್ಲಿ ಪಶುವೈದ್ಯರ ಋಣವೊಂದನ್ನು ನೆನೆಯಬೇಕು. ಅದುವರೆಗೆ ಈ ಜೀವಿಯನ್ನು ಕಾಣಬೇಕಾದರೆ ಕರುಳಿನ ಚೂರನ್ನೇ ಕತ್ತರಿಸಿ ತೆಗೆದು ನೋಡಬೇಕಿತ್ತು. ಕ್ಷಯದ ರೋಗಾಣುವನ್ನು ಕೆಂಪಾಗಿಸಿ ತೋರಿಸುವ ಹಳೆಯ ಬಣ್ಣದ ವಿಧಾನವನ್ನೇ ಸ್ವಲ್ಪ ಮಾರ್ಪಡಿಸಿದರೆ ಮಲದಲ್ಲಿರುವ ಕ್ರಿಪ್ಟೊಸ್ಪೊರಿಡಿಯಂ ಕೂಡ ಕೆಂಪು ಚುಕ್ಕೆಯಾಗಿ ಕಾಣುತ್ತದೆಂದು 1981ರಲ್ಲಿ ಹೆನ್ರಿಕ್ಸನ್ ಮತ್ತು ಪೊಲೆನ್ಜ್ ಎಂಬ ಪಶುವೈದ್ಯ ಸಂಶೋಧಕರು ತೋರಿಸಿಕೊಟ್ಟರು. ಕ್ಷಯ ಪರೀಕ್ಷೆ ನಡೆಯುವ ಯಾವ ಪ್ರಯೋಗಾಲಯದಲ್ಲಾದರೂ ಮಾಡಬಹುದಾದ ಕೆಲಸ ಇದು. ಹುಡುಕುವುದು ಸುಲಭವಾದ ಮೇಲೆ ಎಲ್ಲೆಡೆ ಸಿಗತೊಡಗಿತು. 1985ರಲ್ಲಿ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ದಕ್ಷಿಣ ಭಾರತದ ಮಕ್ಕಳಲ್ಲೂ ಇದು ಇರುವುದನ್ನು ಪ್ರಕಟಿಸಿದರು. ಭೇದಿಯಿರುವ ಮಕ್ಕಳಲ್ಲಷ್ಟೇ ಅಲ್ಲ, ಭೇದಿಯಿಲ್ಲದ ಮಕ್ಕಳಲ್ಲೂ ಅದು ಇತ್ತು.

ಕ್ಲೋರಿನ್ ಸೋತ ಕಡೆ

ಅಮೆರಿಕದ ಜೆರ್ಸಿ ನಗರದಲ್ಲಿ 1908ರಲ್ಲಿ ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸುವುದು ಆರಂಭವಾದ ಮೇಲೆ ಆ ಪದ್ಧತಿ ಊರೂರಿಗೆ ಹರಡಿತು. ವಿಷಮಶೀತಜ್ವರ ಮತ್ತು ಕಾಲರಾ ಹಿಮ್ಮೆಟ್ಟಿದವು. ನೀರಿನ ಶುದ್ಧತೆಯೆಂದರೆ ಬ್ಯಾಕ್ಟೀರಿಯ ಇಲ್ಲದಿರುವುದು ಎಂಬ ಭಾವನೆ ಬೇರೂರಿತು. ಆದರೆ ಕ್ರಿಪ್ಟೊಸ್ಪೊರಿಡಿಯಂ ಬ್ಯಾಕ್ಟೀರಿಯ ಅಲ್ಲ. ಅದರ ಕೋಶದ ಗೋಡೆಯನ್ನು ಭೇದಿಸುವುದು ಕ್ಲೋರಿನ್ನಿಗೆ ಸುಲಭವಲ್ಲ. ಈಜುಕೊಳದ ನೀರಿನಲ್ಲಿರುವಷ್ಟು ಕ್ಲೋರಿನ್ನಿನಲ್ಲಿ ಅದು ಹತ್ತು ದಿನಗಳವರೆಗೂ ಬದುಕಬಲ್ಲದು. ಅದರ ಅಗಲ ಒಂದು ಮಿಲಿಮೀಟರಿನ ಸಾವಿರದ ನಾಲ್ಕರಿಂದ ಆರು ಭಾಗ. ಆದ್ದರಿಂದ ಮರಳಿನ ಶೋಧಕದಲ್ಲಿ ಸ್ವಲ್ಪ ಲೋಪವಾದರೂ ನುಸುಳಿಕೊಂಡು ಹೋಗುತ್ತದೆ. 1987ರಲ್ಲಿ ಜಾರ್ಜಿಯ ರಾಜ್ಯದ ಕ್ಯಾರಲ್ಟನ್‌ನಲ್ಲಿ ಸುಮಾರು 13,000 ಮಂದಿ ಹೀಗೆಯೇ ಕಾಯಿಲೆ ಬಿದ್ದಿದ್ದರು. ಅಲ್ಲಿನ ನೀರೂ ನಿಯಮದ ಪ್ರಕಾರ ಶುದ್ಧವಾಗಿತ್ತು.

ಆರು ವರ್ಷಗಳ ಬಳಿಕ ಮಿಲ್ವಾಕಿಯಲ್ಲಿ ಅದೇ ನಡೆಯಿತು. ಆ ನಗರಕ್ಕೆ ಮಿಷಿಗನ್ ಸರೋವರವೇ ನೀರಿನ ಮೂಲ. ಶುದ್ಧೀಕರಣ ಘಟಕಗಳು ಎರಡು. ಆ ವಸಂತದಲ್ಲಿ ಮಳೆ ಮತ್ತು ಕರಗಿದ ಹಿಮದ ನೀರಿನಿಂದ ನದಿಗಳು ಉಕ್ಕಿ ಸರೋವರ ಸೇರಿದವು. ಮಾರ್ಚ್ ಕೊನೆಯ ಹೊತ್ತಿಗೆ ದಕ್ಷಿಣದ ಘಟಕದಲ್ಲಿ ಶೋಧಿಸಿದ ನೀರಿನಲ್ಲೂ ಬಗ್ಗಡ ಹೆಚ್ಚಿತು. ಕಸವನ್ನು ಗರಣೆಗಟ್ಟಿಸಿ ಕೆಳಗಿಳಿಸಲು ಬಳಸುತ್ತಿದ್ದ ಪಟಿಕದ ಬದಲು ಹಿಂದಿನ ವರ್ಷವಷ್ಟೇ ಬೇರೊಂದು ರಾಸಾಯನಿಕವನ್ನು ತಂದಿದ್ದರು. ಏರಿದ ಬಗ್ಗಡಕ್ಕೆ ತಕ್ಕ ಪ್ರಮಾಣ ಕೈಗೆ ಹತ್ತಲಿಲ್ಲ. ಏಪ್ರಿಲ್ 5ರಂದು ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿತು. 7ರಂದು ರೋಗಿಗಳ ಮಲದಲ್ಲಿ ಕ್ರಿಪ್ಟೊಸ್ಪೊರಿಡಿಯಂ ಖಚಿತವಾಯಿತು. 9ರಂದು ದಕ್ಷಿಣದ ಘಟಕಕ್ಕೆ ಬೀಗ ಬಿತ್ತು. ಹರಿದುಹೋದ ನೀರನ್ನು ಪರೀಕ್ಷಿಸುವುದು ಹೇಗೆ? ಆ ದಿನಗಳಲ್ಲಿ ಅದೇ ನೀರಿನಿಂದ ತಯಾರಾಗಿ ಉಳಿದಿದ್ದ ಮಂಜುಗಡ್ಡೆ ಸಾಕ್ಷಿ ನುಡಿಯಿತು. ಅದನ್ನು ಕರಗಿಸಿ ನೋಡಿದಾಗ ಪರೋಪಜೀವಿಯ ಕೋಶಗಳು ಸಿಕ್ಕವು.

ಮುಂದಿನ ಎರಡು ವರ್ಷಗಳಲ್ಲಿ ಈ ಸೋಂಕಿಗೆ ಸಂಬಂಧಿಸಿದ ಸಾವುಗಳು 54 ಎಂದು ಲೆಕ್ಕ ಹಾಕಲಾಯಿತು. ಸತ್ತವರಲ್ಲಿ ಬಹುಪಾಲು ಏಡ್ಸ್ ರೋಗಿಗಳು. ಊರಿನ ಉಳಿದವರಿಗೆ ಒಂದೆರಡು ವಾರದ ಸಂಕಟವಾಗಿದ್ದದ್ದು ಅವರಿಗೆ ಮರಣವಾಗಿತ್ತು. ಎಷ್ಟು ಕೋಶಗಳು ಹೊಟ್ಟೆಗೆ ಹೋದರೆ ಸೋಂಕು ತಗಲುತ್ತದೆ ಎಂಬುದನ್ನು ಸ್ವಯಂಸೇವಕರ ಮೇಲೆ ಪ್ರಯೋಗಿಸಿ 1995ರಲ್ಲಿ ಪ್ರಕಟಿಸಿದರು. ಆರೋಗ್ಯವಂತರಲ್ಲಿ ಅರ್ಧದಷ್ಟು ಮಂದಿಗೆ ಸೋಂಕು ತಗಲಲು 132 ಕೋಶಗಳು ಸಾಕು. ಒಬ್ಬರಿಗಂತೂ ಮೂವತ್ತೇ ಸಾಕಾಗಿದ್ದವು.

ಅಪರಾಧಿ ಯಾರು?

ಮಿಲ್ವಾಕಿಯ ಸರೋವರಕ್ಕೆ ಈ ಜೀವಿ ಬಂದದ್ದೆಲ್ಲಿಂದ? ನದಿಗಳ ದಡದ ದನದ ಫಾರಂಗಳು, ಕಸಾಯಿಖಾನೆಗಳು, ಊರಿನ ಚರಂಡಿ ನೀರು ಇವೆಲ್ಲ ಅನುಮಾನದ ಪಟ್ಟಿಯಲ್ಲಿದ್ದವು. ಕರುಗಳ ಭೇದಿಗೂ ಇದಕ್ಕೂ ನಂಟು ಆಗಲೇ ಗೊತ್ತಿದ್ದುದರಿಂದ ಜನರ ಬೆರಳು ದನಗಳತ್ತ ತಿರುಗಿದ್ದು ಸಹಜ. ಅಂದಿನ ಸೂಕ್ಷ್ಮದರ್ಶಕಕ್ಕೆ ಕರುವಿನ ಕ್ರಿಪ್ಟೊಸ್ಪೊರಿಡಿಯಂ ಮತ್ತು ಮನುಷ್ಯನ ಕ್ರಿಪ್ಟೊಸ್ಪೊರಿಡಿಯಂ ನಡುವೆ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಎರಡನ್ನೂ ಪಾರ್ವಮ್ ಎಂದೇ ಕರೆಯುತ್ತಿದ್ದರು.

ಇದೇ ಸಮಯದಲ್ಲಿ ಕೆರೆ ಜಲಾಶಯಗಳ ನೀರುಹಕ್ಕಿಗಳೂ ವಿಚಾರಣೆಗೆ ಒಳಗಾದವು. ಕೆನಡಾ ಹೆಬ್ಬಾತಿನ ಕತೆಯೇ ಒಂದು ಸೋಜಿಗ. ಅದರ ದೈತ್ಯ ತಳಿ ಬೇಟೆಗೆ ಸಿಕ್ಕಿ ಅಳಿದೇಹೋಯಿತೆಂದು ಎಲ್ಲರೂ ನಂಬಿದ್ದಾಗ, 1962ರಲ್ಲಿ ಮಿನ್ನೆಸೋಟ ರಾಜ್ಯದ ರಾಚೆಸ್ಟರ್‌ನಲ್ಲಿ ಹ್ಯಾರಲ್ಡ್ ಹ್ಯಾನ್ಸನ್ ಅವರಿಗೆ ಒಂದು ಹಿಂಡು ಮತ್ತೆ ಸಿಕ್ಕಿತು. ರಕ್ಷಣೆ ಮತ್ತು ಮರುಸಾಕಣೆಯಿಂದ ಅದು ಎಷ್ಟು ಹೆಚ್ಚಿತೆಂದರೆ ಉದ್ಯಾನ, ಗಾಲ್ಫ್ ಮೈದಾನ, ಜಲಾಶಯದ ಏರಿಗಳೆಲ್ಲ ಅದರ ಹಿಕ್ಕೆಯಿಂದ ತುಂಬಿದವು. ಉಳಿಸಿದ ಜನರೇ ಅದನ್ನು ಪೀಡೆಯೆಂದು ಕರೆಯತೊಡಗಿದರು.

1998ರಲ್ಲಿ ಮೇರಿಲ್ಯಾಂಡಿನ ಚೆಸಪೀಕ್ ಕೊಲ್ಲಿಯ ಬಳಿ ವಲಸೆ ಹೆಬ್ಬಾತುಗಳು ತಂಗುವ ಒಂಬತ್ತು ಕಡೆ ಹಿಕ್ಕೆಯನ್ನು ಪರೀಕ್ಷಿಸಿದ ವರದಿ ಹೊರಬಂತು. ಒಂಬತ್ತರಲ್ಲೂ ಜಿಯಾರ್ಡಿಯ, ಏಳರಲ್ಲಿ ಕ್ರಿಪ್ಟೊಸ್ಪೊರಿಡಿಯಂ ಇತ್ತು. ಅದನ್ನು ಇಲಿಗಳಿಗೆ ಕೊಟ್ಟಾಗ ಸೋಂಕು ತಗಲಿತು. ಹೆಬ್ಬಾತಿನ ಮೇಲಿನ ಅಪವಾದ ಸಾಬೀತಾಯಿತೆಂದು ತೋರುವಂತಹ ವರದಿ ಇದು. ಆದರೆ ಅದೇ ಸಂಶೋಧಕರ ಹಿಂದಿನ ಪ್ರಯೋಗಗಳು ಇನ್ನೊಂದು ಮಾತನ್ನೂ ಹೇಳಿದ್ದವು. ಪಾರ್ವಮ್ ಜಾತಿಯ ಕೋಶಗಳನ್ನು ಬಾತು ಮತ್ತು ಹೆಬ್ಬಾತುಗಳಿಗೆ ತಿನ್ನಿಸಿದಾಗ ಹಕ್ಕಿಗಳಿಗೆ ರೋಗ ಬರಲಿಲ್ಲ. ಕೋಶಗಳು ಕರುಳಿನಲ್ಲಿ ಹಾಗೆಯೇ ಸಾಗಿ ಜೀವಂತವಾಗಿ ಹೊರಬಿದ್ದವು. ಎಂದರೆ ಹಕ್ಕಿ ಅಂಚೆಯವನಿದ್ದಂತೆ. ಯಾರೋ ಹಾಕಿದ ಪತ್ರವನ್ನು ಅದು ಇನ್ನೊಂದು ಊರಿಗೆ ಮುಟ್ಟಿಸಬಲ್ಲದು. ಪತ್ರ ಬರೆದದ್ದು ಮಾತ್ರ ಅದಲ್ಲ.

ತೀರ್ಪು ಬಂದದ್ದು ವಂಶವಾಹಿಗಳ ಪರೀಕ್ಷೆಯಿಂದ. ಓಹಿಯೊ ಮತ್ತು ಇಲಿನಾಯ್ ರಾಜ್ಯಗಳ ಕೆನಡಾ ಹೆಬ್ಬಾತುಗಳ ಹಿಕ್ಕೆಯನ್ನು ಹೀಗೆ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ನಾಲ್ಕನೆಯ ಒಂದು ಭಾಗದ ಮಾದರಿಗಳಲ್ಲಿ ಕ್ರಿಪ್ಟೊಸ್ಪೊರಿಡಿಯಂ ಇತ್ತು. ಆದರೆ ಅದರಲ್ಲಿ ಹೆಚ್ಚಿನ ಪಾಲು ಹೆಬ್ಬಾತುಗಳಿಗೇ ಮೀಸಲಾದ ಬಗೆಗಳು. ಮನುಷ್ಯರಿಗೆ ತಗಲುವ ಬಗೆಗಳನ್ನು ಹೆಬ್ಬಾತು ಎಲ್ಲೋ ಆಕಸ್ಮಿಕವಾಗಿ ಹೊರುತ್ತದೆಯೇ ಹೊರತು ರೋಗ ಹರಡುವುದರಲ್ಲಿ ಅದರ ಪಾತ್ರ ಅಲ್ಪ ಎಂಬ ಅಭಿಪ್ರಾಯಕ್ಕೆ ಸಂಶೋಧಕರು ಬಂದರು.

ಮಿಲ್ವಾಕಿಯ ರೋಗಿಗಳಿಂದ ತೆಗೆದಿಟ್ಟಿದ್ದ ಕೆಲವೇ ಮಾದರಿಗಳನ್ನೂ 1997ರ ನಂತರ ಇದೇ ರೀತಿ ಪರೀಕ್ಷಿಸಿದರು. ಅವು ಕರುವಿನ ಬಗೆಯಾಗಿರಲಿಲ್ಲ, ಮನುಷ್ಯನಿಂದ ಮನುಷ್ಯನಿಗೆ ದಾಟುವ ಬಗೆಯಾಗಿದ್ದವು. ಹಾಗಾದರೆ ಆ ವಸಂತದಲ್ಲಿ ಸರೋವರಕ್ಕೆ ಸೇರಿ ನಲ್ಲಿಗೆ ಮರಳಿ ಬಂದದ್ದು ದನದ ಸಗಣಿಯಲ್ಲ, ಮನುಷ್ಯರ ಚರಂಡಿ ನೀರು ಎಂದಾಯಿತು. 2002ರಲ್ಲಿ ಈ ಬಗೆಯನ್ನು ಪ್ರತ್ಯೇಕ ಜಾತಿಯೆಂದು ಒಪ್ಪಿ ಹೆಸರಿಟ್ಟರು: ಕ್ರಿಪ್ಟೊಸ್ಪೊರಿಡಿಯಂ ಹೋಮಿನಿಸ್. ಲ್ಯಾಟಿನ್ ಭಾಷೆಯಲ್ಲಿ ಹೋಮಿನಿಸ್ ಎಂದರೆ ಮನುಷ್ಯನದು.

ಹಾಗೆಂದು ಪ್ರಾಣಿಗಳೆಲ್ಲ ನಿರಪರಾಧಿಗಳೆಂದು ಹೇಳುವಂತಿಲ್ಲ. ಕರುಗಳಿಂದ ಪಾರ್ವಮ್ ಪಶುವೈದ್ಯರಿಗೂ ಕೊಟ್ಟಿಗೆಯಲ್ಲಿ ದುಡಿಯುವವರಿಗೂ ತಗಲುವುದುಂಟು. ಟರ್ಕಿ ಕೋಳಿಯಲ್ಲಿ ಮೊದಲು ಕಂಡ ಜಾತಿಯೂ ಮನುಷ್ಯರಲ್ಲಿ ಸಿಕ್ಕಿದೆ. ಆದರೆ ಇವನ್ನು ಬೇರೆ ಬೇರೆಯಾಗಿ ಗುರುತಿಸುವುದಕ್ಕೆ ಮೊದಲು ಎಲ್ಲ ದೋಷವನ್ನೂ ಮೂಕಪ್ರಾಣಿಯ ತಲೆಗೆ ಕಟ್ಟುವುದು ಸುಲಭವಾಗಿತ್ತು.

ನಮ್ಮ ಹೊಸ್ತಿಲಲ್ಲಿ

ಮಿಲ್ವಾಕಿ ಪಾಠ ಕಲಿಯಿತು. 1998ರಲ್ಲಿ ಅಲ್ಲಿ ನೀರಿಗೆ ಓಜೋನ್ ಹಾಯಿಸುವ ವ್ಯವಸ್ಥೆ ಬಂತು. ಕ್ಲೋರಿನ್ನಿಗೆ ಬಗ್ಗದ ಜೀವಿ ಓಜೋನಿಗೆ ಬಗ್ಗುತ್ತದೆ. ಅತಿನೇರಳೆ ಬೆಳಕಿಗೂ ಬಗ್ಗುತ್ತದೆಂದು ಅದೇ ವರ್ಷಗಳಲ್ಲಿ ತಿಳಿಯಿತು. 2002ರಲ್ಲಿ ನೈಟಜೊಕ್ಸನೈಡ್ ಎಂಬ ಔಷಧಿಗೆ ಮಕ್ಕಳ ಚಿಕಿತ್ಸೆಗಾಗಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಅದೂ ಅಷ್ಟಾಗಿ ಫಲ ಕೊಡುವುದಿಲ್ಲ.

ಶ್ರೀಮಂತ ದೇಶದ ಒಂದು ನಗರದಲ್ಲಿ ಒಮ್ಮೆ ನಡೆದದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ಬಡ ದೇಶಗಳಲ್ಲಿ ದಿನದಿನವೂ ನಡೆಯುತ್ತಿದ್ದುದು ಸುದ್ದಿಯಾಗಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಕೋಲ್ಕತ್ತವೂ ಸೇರಿ ಏಷ್ಯ ಮತ್ತು ಆಫ್ರಿಕದ ಏಳು ದೇಶಗಳಲ್ಲಿ ಮಕ್ಕಳ ತೀವ್ರ ಭೇದಿಯನ್ನು ಕುರಿತು ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಒಂದು ವರ್ಷ ತುಂಬದ ಶಿಶುಗಳಲ್ಲಿ ರೋಟಾ ವೈರಸ್ಸಿನ ನಂತರದ ಸ್ಥಾನ ಕ್ರಿಪ್ಟೊಸ್ಪೊರಿಡಿಯಂದು. ವೆಲ್ಲೂರಿನ ಮಕ್ಕಳಲ್ಲಿ ಮುಂದೆ ನಡೆದ ವಂಶವಾಹಿ ಪರೀಕ್ಷೆಗಳಲ್ಲೂ ಹೆಚ್ಚಾಗಿ ಕಂಡದ್ದು ಹೋಮಿನಿಸ್ ಜಾತಿಯೇ. ಅಲ್ಲಿಯೂ ರೋಗ ಬರುತ್ತಿದ್ದುದು ಬಹುಮಟ್ಟಿಗೆ ಮನುಷ್ಯನಿಂದ ಮನುಷ್ಯನಿಗೆ.

ಈ ಜೀವಿಯ ವಿರುದ್ಧ ಮನೆಯಲ್ಲಿ ಬಳಸಬಹುದಾದ ಉಪಾಯ ತೀರ ಹಳೆಯದು. ಒಂದು ನಿಮಿಷ ಕುದಿಸಿದ ನೀರಿನಲ್ಲಿ ಅದು ಉಳಿಯುವುದಿಲ್ಲ. ಮಿಲ್ವಾಕಿಯ ಮೇಯರ್ ಆ ಸಂಜೆ ಜನರಿಗೆ ಹೇಳಿದ್ದೂ, ನಮ್ಮ ಮನೆಗಳಲ್ಲಿ ಬಾಣಂತಿಗೂ ಕೂಸಿಗೂ ಕುದಿಸಿ ಆರಿಸಿದ ನೀರನ್ನೇ ಕೊಡಿ ಎಂದು ಹಿರಿಯರು ಹೇಳುತ್ತ ಬಂದದ್ದೂ ಒಂದೇ ಮಾತು. ಕುದಿಸಲು ಸೌದೆಯೂ ಇಲ್ಲದ ಮನೆಯ ಕೂಸಿಗೆ ಮಾತ್ರ ಊರಿನ ಚರಂಡಿಯೂ ಕುಡಿಯುವ ನೀರಿನ ಕೊಳವೆಯೂ ದೂರ ದೂರ ಇರುವುದೊಂದೇ ರಕ್ಷಣೆ. ಆ ಅಂತರವನ್ನು ಕಾಯಬೇಕಾದವರು ಹೆಬ್ಬಾತುಗಳಲ್ಲ.